ವಾರಕ್ಕೊಂದು ಸೆಷನ್ ಸರಿ, ಉಳಿದ ಆರು ದಿನ ಏನು ಮಾಡಬೇಕು? (ಡಿಐಡಿ, ಹಳೆಯ ಆಘಾತ)

ಅರ್ಧವಿರಾಮ ಕೇಳಿದ್ದು:

ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಒಬ್ಬರಲ್ಲೇ ಬೇರೆ ಬೇರೆ ಗುರುತಿನ ಭಾಗಗಳಿದ್ದು, ಒಂದು ಭಾಗ ಮುಂದೆ ಬಂದಾಗ ನಡೆದದ್ದು ಇನ್ನೊಂದಕ್ಕೆ ನೆನಪಿರದ ತೊಂದರೆ; ಕೆಳಗೆ ಡಿಐಡಿ ಅಂತಲೇ ಬರೆಯುತ್ತೇನೆ) ಚಿಕಿತ್ಸೆಯ ಬಗ್ಗೆ ಪ್ರಶ್ನೆ. ಡಯಾಗ್ನೋಸಿಸ್ ಆಗಿದೆ. ವಾರಕ್ಕೊಮ್ಮೆ 50 ನಿಮಿಷದ ಥೆರಪಿ ನಡೆಯುತ್ತಿದೆ. ಹತ್ತು ತಿಂಗಳಾದರೂ ಬಾಲ್ಯದ ಘಟನೆಗಳ ತಂಟೆಗೇ ಥೆರಪಿಸ್ಟ್ ಹೋಗಿಲ್ಲ, ಕೇಳಿದರೆ "ಇನ್ನೂ ಮೊದಲ ಹಂತ" ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಗುವುದು ಒಂದೋ "ಧ್ಯಾನ ಮಾಡಿ, ಎಲ್ಲಾ ಸರಿಹೋಗುತ್ತೆ" ಅನ್ನುವ ಉಪದೇಶ, ಇಲ್ಲದಿದ್ದರೆ ಸಿನಿಮಾ ಕತೆ.

ಕೇಳಬೇಕಾದ್ದು ನಾಲ್ಕು.

1. ನೆನಪುಗಳನ್ನು ಮುಟ್ಟದೆ ಇಷ್ಟು ದಿನ ಬರೀ ಸ್ಥಿರತೆ ಅಂತ ಕೂರುವುದು ಸರಿಯೇ? ಈ ಹಂತ ಮುಗಿಯಿತು ಅಂತ ತಿಳಿಯುವುದು ಹೇಗೆ?

2. ಗ್ರೌಂಡಿಂಗ್‌ಗೆ (ಮನಸ್ಸನ್ನು ಈಗಿನ ಹೊತ್ತಿಗೆ, ಈ ಜಾಗಕ್ಕೆ ವಾಪಸ್ ತರುವುದಕ್ಕೆ) 5-4-3-2-1 (ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ವಾಸನೆಯ ಎರಡು, ರುಚಿಯ ಒಂದು ಹೆಸರಿಸುವುದು) ಹೇಳಿಕೊಟ್ಟಿದ್ದಾರೆ. ಸುಮ್ಮನೆ ಕೂತಾಗ ಚೆನ್ನಾಗಿ ಬರುತ್ತದೆ, ನಿಜವಾಗಿ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಯಾಕೆ?

3. ಡೈರಿಯಲ್ಲಿ ಬೇರೆ ಬೇರೆ ಕೈಬರಹ ಕಾಣಿಸುತ್ತದೆ. ಕೆಲವು ಸಾಲು ಬೆದರಿಕೆಯ ಧಾಟಿಯಲ್ಲಿ ಇರುತ್ತವೆ, "ಬಾಯಿ ಬಿಟ್ಟರೆ ನೋಡು" ಅನ್ನುವ ಹಾಗೆ. ಇವಕ್ಕೆ ಉತ್ತರ ಬರೆಯಬೇಕೋ, ಹರಿದು ಹಾಕಬೇಕೋ?

4. ಒಂದು ವಾರ ಚೆನ್ನಾಗಿ ಹೋದರೆ ಮುಂದಿನ ವಾರ ಪೂರ್ತಿ ನೆಲಕಚ್ಚುತ್ತದೆ. ಇದರಲ್ಲಿ ಸುಧಾರಣೆಯನ್ನು ಅಳೆಯುವುದು ಹೇಗೆ?

ಒಂದು ವಿನಂತಿ: ಘಟನೆಗಳ ವಿವರ ಓದಿದರೆ ಟ್ರಿಗರ್ ಆಗುತ್ತದೆ. ದಯವಿಟ್ಟು ನಿಮ್ಮ ಕತೆ ಬರೆಯಬೇಡಿ, ಮಾಡುವ ಕ್ರಮ ಮಾತ್ರ ತಿಳಿಸಿ.

---

ಊರುಗೋಲು ಬರೆದಿದ್ದು:

ಮೊದಲ ಪ್ರಶ್ನೆಗೆ ನೇರ ಉತ್ತರ: ಹತ್ತು ತಿಂಗಳು ಹೆಚ್ಚೇನಲ್ಲ. ಡಿಐಡಿಯಲ್ಲಿ ಮೊದಲ ಹಂತವೇ ವರ್ಷಗಟ್ಟಲೆ ನಡೆಯುವುದು ಮಾಮೂಲು. ನಿಮ್ಮ ಥೆರಪಿಸ್ಟ್ ಆತುರ ಪಡುತ್ತಿಲ್ಲ ಅಂದರೆ ಕೆಲಸ ಗೊತ್ತಿರುವವರು ಅಂತಲೇ ಲೆಕ್ಕ.

ಮೂರು ಹಂತದ ಈ ಕ್ರಮ ಹೊಸದಲ್ಲ. ಫ್ರಾನ್ಸಿನ ಮನೋವಿಜ್ಞಾನಿ ಪಿಯರ್ ಜಾನೆ 19ನೇ ಶತಮಾನದ ಕೊನೆಯಲ್ಲೇ ಇದರ ರೂಪುರೇಷೆ ಹಾಕಿದ್ದರು. ಮೊದಲು ಸ್ಥಿರತೆ, ಆಮೇಲೆ ನೆನಪಿನ ಕೆಲಸ, ಕೊನೆಗೆ ಎಲ್ಲವನ್ನೂ ಕೂಡಿಸಿಕೊಂಡು ಬದುಕಿಗೆ ಮರಳುವುದು. 1992ರಲ್ಲಿ ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಇದನ್ನೇ ಸುರಕ್ಷತೆ, ಸ್ಮರಣೆ ಮತ್ತು ಶೋಕ, ಮರುಸಂಪರ್ಕ ಎಂದು ಹೇಳಿದರು. ಆಘಾತ ಮತ್ತು ಡಿಸೋಸಿಯೇಶನ್ (ಮನಸ್ಸು ಕಳಚಿಕೊಳ್ಳುವುದು) ಕುರಿತ ಅಂತರರಾಷ್ಟ್ರೀಯ ಸೊಸೈಟಿ 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮೂರನೇ ಪರಿಷ್ಕರಣೆಯೂ ಇದೇ ಕ್ರಮ ಹಿಡಿಯುತ್ತದೆ. ಹಂತಗಳು ಮೆಟ್ಟಿಲಿನ ಹಾಗೆ ಒಂದಾದ ಮೇಲೊಂದು ಬರುವುದಿಲ್ಲ ಎನ್ನುವುದು ನೆನಪಿರಲಿ. ಎರಡನೆಯದರಲ್ಲಿ ಇದ್ದವರು ನಡುನಡುವೆ ಎಷ್ಟೋ ಸಲ ಮೊದಲನೆಯದಕ್ಕೆ ಮರಳುತ್ತಾರೆ.

ಕಾರಣ ಇಷ್ಟೇ. ತಡೆಯಲಾಗದಷ್ಟು ಹೊರೆ ಬಿದ್ದಾಗ ಮನಸ್ಸು ಕಳಚಿಕೊಂಡು ಉಳಿದುಕೊಂಡಿತು. ಆ ಕಳಚಿಕೊಳ್ಳುವಿಕೆ ಮನೆಯ ಫ್ಯೂಸ್ ಇದ್ದ ಹಾಗೆ. ವೈರಿಂಗ್ ಗಟ್ಟಿ ಮಾಡದೆ ಫ್ಯೂಸ್ ಕಿತ್ತು ನೇರ ತಂತಿ ಕೊಟ್ಟರೆ ಏನಾಗುತ್ತದೋ, ಸಿದ್ಧತೆ ಇಲ್ಲದೆ ನೆನಪುಗಳನ್ನು ಕೆದಕಿದರೆ ಅದೇ ಆಗುತ್ತದೆ. ಫ್ಲ್ಯಾಶ್‌ಬ್ಯಾಕ್‌ಗಳ (ಹಳೆಯದು ಈಗಲೇ ನಡೆಯುತ್ತಿರುವ ಹಾಗೆ ಮರುಕಳಿಸುವುದು) ಮಳೆ, ನಿದ್ರೆ ಇಲ್ಲ, ಕಳೆದುಹೋಗುವ ಗಂಟೆಗಳು ಹೆಚ್ಚು, ಸ್ವಯಂಹಾನಿಯ ಅಪಾಯ ಹೆಚ್ಚು. ಇಎಂಡಿಆರ್ (ಕಣ್ಣಿನ ಚಲನೆ ಬಳಸಿ ಆಘಾತದ ನೆನಪಿನ ಮೇಲೆ ಕೆಲಸ ಮಾಡುವ ಥೆರಪಿ) ಕೂಡ ಹಾಗೇ. ಒಂದೇ ಘಟನೆಯ ಆಘಾತಕ್ಕೆ ಮಾಡುವ ಮಾಮೂಲಿ ಕ್ರಮವನ್ನು ಡಿಐಡಿ ಇರುವವರ ಮೇಲೆ ಆರಂಭದಲ್ಲೇ ಪ್ರಯೋಗಿಸಿದರೆ ಒಂದು ನೆನಪಿನ ಜೊತೆ ಹತ್ತು ನೆನಪು ಎದ್ದು ಬರುತ್ತವೆ.

ಮೊದಲ ಹಂತ ಮುಗಿಯುತ್ತಾ ಬಂತು ಅನ್ನಲು ನೋಡಬೇಕಾದ್ದು: ಫ್ಲ್ಯಾಶ್‌ಬ್ಯಾಕ್‌ನಿಂದ ಹೆಚ್ಚಿನ ಸಲ ಬೇರೆಯವರ ನೆರವಿಲ್ಲದೆ ನಿಮಿಷಗಳಲ್ಲಿ ಹೊರಬರಲು ಆಗುತ್ತಿದೆಯೇ, ಸ್ವಯಂಹಾನಿ, ಕುಡಿತ, ಊಟ ಬಿಡುವುದು ಹಲವು ತಿಂಗಳಿನಿಂದ ಹತೋಟಿಯಲ್ಲಿದೆಯೇ, ಕಷ್ಟದ ಸೆಷನ್ ಆದ ಮರುದಿನ ಕೆಲಸಕ್ಕೆ ಹೋಗಲು ಆಗುತ್ತದೆಯೇ, ಒಳಗಿನ ಭಾಗಗಳಲ್ಲಿ ಬಹುಪಾಲು ಈ ಕೆಲಸಕ್ಕೆ ಒಪ್ಪಿವೆಯೇ. ಇನ್ನೂ ಒಂದಿದೆ, ಎಲ್ಲಕ್ಕಿಂತ ಮುಖ್ಯ: ಹಾನಿ ಮಾಡಿದವರ ಸಂಪರ್ಕ ಈಗಲೂ ಇದೆಯೇ? ಇದ್ದರೆ ಯಾವ ಗ್ರೌಂಡಿಂಗೂ ನಿಲ್ಲುವುದಿಲ್ಲ. "ಈಗ ಸುರಕ್ಷಿತ" ಎಂದು ಹೇಳಿಕೊಳ್ಳುವ ಮಾತು ಮೊದಲು ನಿಜವಾಗಿರಬೇಕು.

ಗ್ರೌಂಡಿಂಗ್ ಕೈಕೊಡಲು ಸಾಮಾನ್ಯವಾಗಿ ನಾಲ್ಕು ಕಾರಣ.

ಒಂದು, ತಡವಾಗಿ ಶುರು ಮಾಡುವುದು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಹಾಗೆ. 0ಯಿಂದ 10ರ ಅಳತೆ ಇಟ್ಟುಕೊಳ್ಳಿ: 0 ಅಂದರೆ ಪೂರ್ತಿ ಇಲ್ಲಿದ್ದೇನೆ, 10 ಅಂದರೆ ಪೂರ್ತಿ ಹೋಗಿದ್ದೇನೆ. 7 ದಾಟಿದ ಮೇಲೆ ಎಣಿಸುವ, ಹೆಸರಿಸುವ ಶಕ್ತಿಯೇ ಇರುವುದಿಲ್ಲ. 3ರಲ್ಲಿ ಹಿಡಿಯಬೇಕು. 3ರ ಗುರುತು ಪ್ರತಿಯೊಬ್ಬರಿಗೂ ಬೇರೆ. ಮಾತು ದೂರದಿಂದ ಕೇಳಿದ ಹಾಗೆ ಆಗುವುದು, ನೋಟ ಒಂದೇ ಕಡೆ ಕಚ್ಚಿಕೊಳ್ಳುವುದು, ಬೆರಳ ತುದಿ ಮರಗಟ್ಟುವುದು, ಓದಿದ ಸಾಲನ್ನೇ ಮತ್ತೆ ಓದುವುದು. ನಿಮ್ಮದನ್ನು ಬರೆದಿಟ್ಟುಕೊಳ್ಳಿ.

ಎರಡು, ಕಲಿತವರೊಬ್ಬರು, ಆ ಹೊತ್ತಿಗೆ ಎದುರು ಬರುವವರು ಇನ್ನೊಬ್ಬರು. ಡಿಐಡಿಯಲ್ಲಿ ಒಂದು ಸ್ಥಿತಿಯಲ್ಲಿ ಕಲಿತದ್ದು ಇನ್ನೊಂದು ಸ್ಥಿತಿಯ ಕೈಗೆ ತಾನಾಗಿ ಸಿಗುವುದಿಲ್ಲ. ಆದ್ದರಿಂದ ಅಭ್ಯಾಸ ಮಾಡುವಾಗ "ಒಳಗೆ ಯಾರಿಗೆ ನೋಡಬೇಕು ಅನ್ನಿಸುತ್ತದೋ ನೋಡಿ, ಕೇಳಿ" ಎಂದು ಹೇಳಿ ಶುರು ಮಾಡಬೇಕು. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲ ಎರಡೇ ನಿಮಿಷ. ಜೊತೆಗೆ ಅಂಗೈಯಗಲದ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಇಸವಿ, ದೇಹದ ಈಗಿನ ವಯಸ್ಸು, ಈ ಮನೆಯಲ್ಲಿ ಯಾರಿದ್ದಾರೆ, ಬಾಗಿಲಿನ ಚಿಲಕ ಯಾರ ಕೈಯಲ್ಲಿದೆ ಎಂದು ಬರೆದು ಹಾಸಿಗೆ ಪಕ್ಕ, ಬಚ್ಚಲುಮನೆ, ಪರ್ಸು ಮೂರೂ ಕಡೆ ಇಡಿ. ಹಳೆಯ ಕಾಲದಲ್ಲೇ ನಿಂತಿರುವ ಭಾಗಕ್ಕೆ 5-4-3-2-1ಗಿಂತ ಆ ಇಸವಿ ಹೆಚ್ಚು ಉಪಯೋಗ.

ಮೂರು, ತಪ್ಪು ದಿಕ್ಕಿನ ಗ್ರೌಂಡಿಂಗ್. ಅಮೆರಿಕದ ಮನೋವೈದ್ಯ ಡೇನಿಯಲ್ ಸೀಗಲ್ 1999ರಲ್ಲಿ ಹೇಳಿದ ತಾಳಿಕೆಯ ಕಿಟಕಿಯಿಂದ (ಮನಸ್ಸು ತಡೆದುಕೊಳ್ಳಬಲ್ಲ ಮಿತಿಯಿಂದ) ಆಚೆ ಬೀಳುವುದು ಎರಡು ಬಗೆ. ಮೇಲೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಓಡಬೇಕು ಅನ್ನಿಸುತ್ತದೆ. ಆಗ ಉಸಿರು ಬಿಡುವುದನ್ನು ಉದ್ದ ಮಾಡುವುದು (4 ಎಣಿಸಿ ಒಳಗೆ, 6ರಿಂದ 8 ಎಣಿಸಿ ಹೊರಗೆ), ತೊಡೆಯ ಮೇಲೆ ಭಾರದ ಹೊದಿಕೆ. ಕೆಳಗೆ ಬಿದ್ದರೆ ಮರಗಟ್ಟುತ್ತದೆ, ಮಾತು ನಿಲ್ಲುತ್ತದೆ. ಆಗ ಇವೇ ಉಪಾಯಗಳು ಇನ್ನಷ್ಟು ಕೆಳಕ್ಕೆ ಎಳೆಯುತ್ತವೆ. ಎದ್ದು ನಿಲ್ಲಬೇಕು, ಗೋಡೆಯನ್ನು ಎರಡೂ ಅಂಗೈಯಿಂದ 10 ಸೆಕೆಂಡ್ ಜೋರಾಗಿ ತಳ್ಳಬೇಕು, ಗಾಢ ವಾಸನೆ ತೆಗೆದುಕೊಳ್ಳಬೇಕು, ಹಿಮ್ಮಡಿ ನೆಲಕ್ಕೆ ಕುಟ್ಟಬೇಕು. ಕಣ್ಣು ಮಾತ್ರ ಎರಡರಲ್ಲೂ ತೆರೆದೇ ಇರಲಿ. ಕಣ್ಣು ಮುಚ್ಚಿ ಮಾಡುವ ಧ್ಯಾನ, ಅಡಿಯಿಂದ ಮುಡಿಯವರೆಗೆ ದೇಹವನ್ನು ಗಮನಿಸುವ ಅಭ್ಯಾಸ ಈ ಹಂತದಲ್ಲಿ ಅನೇಕರನ್ನು ಇನ್ನೂ ದೂರ ತಳ್ಳುತ್ತವೆ. ನೀವು ಓದಿದ ಆ ಉಪದೇಶದ ತೊಂದರೆ ಅಲ್ಲೇ ಇರುವುದು.

ನಾಲ್ಕು, ಒಳಗಿನ ಯಾವುದೋ ಭಾಗಕ್ಕೆ "ಇಲ್ಲಿರುವುದೇ" ಅಪಾಯ ಅನ್ನಿಸುವುದು. ಅದರ ಲೆಕ್ಕದಲ್ಲಿ ಮಂಕಾಗಿರುವುದೇ ರಕ್ಷಣೆ. ಒತ್ತಾಯ ಮಾಡಿದರೆ ಅದು ಎದುರು ಬೀಳುತ್ತದೆ. ಮೊದಲು 10 ಸೆಕೆಂಡ್ ಮಾತ್ರ ಇಲ್ಲಿದ್ದು, ಬೇಕಾದರೆ ವಾಪಸ್ ಹೋಗಬಹುದು ಎನ್ನುವ ಒಪ್ಪಂದ ಮಾಡಿಕೊಂಡು, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಮುಖಕ್ಕೆ ತಣ್ಣೀರಿನ ಉಪಾಯ ಎಲ್ಲರೂ ಹೇಳುತ್ತಾರೆ. ಉಸಿರು ಹಿಡಿದು 15ರಿಂದ 30 ಸೆಕೆಂಡ್ ತಣ್ಣೀರು ಮುಖಕ್ಕೆ ತಾಗಿದರೆ ಹೃದಯದ ಬಡಿತ ನಿಧಾನವಾಗುವುದು ನಿಜ. ಹೃದಯದ ತೊಂದರೆ, ಬಡಿತ ಕಡಿಮೆ ಮಾಡುವ ಮಾತ್ರೆ, ಆಹಾರ ಬಿಡುವ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮಾಡಬಾರದು. ಆಘಾತದಲ್ಲಿ ನೀರಿನ ಪಾತ್ರ ಇದ್ದವರಿಗಂತೂ ಇದು ಬೇಡವೇ ಬೇಡ.

---

ಎರಡನೇ_ಬೆಂಚು ಬರೆದಿದ್ದು:

ಮೂರನೇ ಪ್ರಶ್ನೆಗೆ: ಹರಿಯಬೇಡಿ. ಯಾರು ಬರೆದದ್ದನ್ನೂ ಹರಿಯಬಾರದು, ಅಳಿಸಬಾರದು, ತಿದ್ದಬಾರದು. ಡೈರಿಯ ಮೊದಲ ಪುಟದಲ್ಲೇ ಈ ನಿಯಮ ಬರೆದಿಡಿ. ಒಂದು ಸಲ ಹರಿದರೆ ಆ ಭಾಗ ಮತ್ತೆ ಬರೆಯುವುದನ್ನು ನಿಲ್ಲಿಸುತ್ತದೆ. ಬರೆಯುವುದು ನಿಂತಿತು ಎಂದರೆ ಬೆದರಿಕೆಯೂ ನಿಂತಿತು ಎಂದಲ್ಲ, ನಿಮಗೆ ಕಾಣದ ಕಡೆ ನಡೆಯುತ್ತದೆ.

ಬೆದರಿಸುವ ಭಾಗದ ಕೆಲಸ ಬಹುತೇಕ ಕಾವಲು. ಬಾಲ್ಯದಲ್ಲಿ ಬಾಯಿ ಬಿಟ್ಟರೆ ಪೆಟ್ಟು ಹೆಚ್ಚಾಗುತ್ತಿತ್ತು. ಹೊರಗಿನವರು ಹೊಡೆಯುವ ಮೊದಲೇ ಒಳಗಿನಿಂದಲೇ ಒಬ್ಬರು ಗದರಿಸಿ ಸುಮ್ಮನಿರಿಸಿದರೆ ಕಡಿಮೆ ನೋವು. ಆ ಲೆಕ್ಕಕ್ಕೆ ಹುಟ್ಟಿದ ದನಿ ಹಾನಿ ಮಾಡಿದವರ ಧಾಟಿಯನ್ನೇ ಎತ್ತಿಕೊಂಡಿರುತ್ತದೆ. ಅದಕ್ಕೆ ಇಸವಿ ಬದಲಾದದ್ದು ಗೊತ್ತಿಲ್ಲ. ನೀವು ಥೆರಪಿಯಲ್ಲಿ ಮಾತಾಡಿದ ದಿನವೇ ಇಂಥ ಸಾಲು ಹೆಚ್ಚಾಗಿ ಬರುತ್ತವೆಯೇ ಅಂತ ಡೈರಿಯ ತಾರೀಕು ನೋಡಿ ಹೋಲಿಸಿ, ಸಾಮಾನ್ಯವಾಗಿ ತಾಳೆಯಾಗುತ್ತದೆ.

ಉತ್ತರ ಬರೆಯುವ ರೀತಿ:

"ನೀನು ಬರೆದದ್ದು ಓದಿದೆ. ಮಾತಾಡಿದರೆ ಏನಾಗುತ್ತದೆ ಅನ್ನುವ ಭಯ ನಿನಗೆ? ವಿವರ ಬೇಡ, ಒಂದು ಸಾಲು ಸಾಕು. ಇವತ್ತಿನ ತಾರೀಕು ಮೇಲೆ ಬರೆದಿದೆ, ನೋಡು."

ಇಷ್ಟೇ. ವಾದ ಬೇಡ, "ನೀನು ನನ್ನ ವೈರಿ" ಬೇಡ, ಅತಿ ಪ್ರೀತಿಯ ನಾಟಕವೂ ಬೇಡ (ಕಾವಲಿನವರು ನಾಟಕವನ್ನು ಬೇಗ ಹಿಡಿಯುತ್ತಾರೆ). ಉತ್ತರ ಬರಲು ಎರಡು ವಾರ ಹಿಡಿಯಬಹುದು. ಬಂದ ಮೇಲೆ ಕೇಳಬೇಕಾದ್ದು ಒಪ್ಪಂದ: ಯಾವ ವಿಷಯ ಈಗ ಬೇಡ, ಯಾವುದು ಪರವಾಗಿಲ್ಲ. ಆ ಪಟ್ಟಿಯನ್ನು ಥೆರಪಿಸ್ಟ್‌ಗೆ ತೋರಿಸಿ. ಭಾಗವನ್ನು ಓಡಿಸುವುದು, ಬೀಗ ಹಾಕಿ ಕೂರಿಸುವುದು, ಸಾಯಿಸುವ ಕಲ್ಪನೆ ಮಾಡುವುದು ಯಾವಾಗಲೂ ತಿರುಗಿ ಬಡಿಯುತ್ತದೆ. ಅದೂ ಇದೇ ಮನಸ್ಸಿನ ಒಂದು ತುಂಡು, ಹೋಗಲು ಅದಕ್ಕೆ ಬೇರೆ ಜಾಗ ಇಲ್ಲ.

ಡೈರಿಗೆ ಗಡಿ ಬೇಕು. ಹಗಲು ಹೊತ್ತು, ಅಲಾರಂ ಇಟ್ಟು 15 ನಿಮಿಷ, ಮುಗಿದ ಮೇಲೆ 5 ನಿಮಿಷ ಗ್ರೌಂಡಿಂಗ್. ರಾತ್ರಿ ಮಲಗುವ ಮುಂಚೆ ಬೇಡ. ಘಟನೆಗಳ ವಿವರ ಸದ್ಯಕ್ಕೆ ಬೇಡ. ನೆನಪೇನಾದರೂ ತಾನಾಗಿ ನುಗ್ಗಿ ಬಂದರೆ ಒಂದು ತಲೆಬರಹ ಮಾತ್ರ ಬರೆದು ("ನೀಲಿ ಬಾಗಿಲು" ಅನ್ನುವಷ್ಟು), ಚೀಟಿ ಮಡಚಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ, ಸೆಷನ್ ದಿನಕ್ಕೆ ಎತ್ತಿಡಿ. ಥೆರಪಿಯಲ್ಲಿ ನೆನಪನ್ನು ಸದ್ಯಕ್ಕೆ ಮುಚ್ಚಿಡಲು ಕಲ್ಪನೆಯ ಪೆಟ್ಟಿಗೆ ಹೇಳಿಕೊಡುತ್ತಾರಲ್ಲ, ಅದನ್ನೇ ಕೈಗೆ ಸಿಗುವ ವಸ್ತುವಿನಲ್ಲಿ ಮಾಡುವುದು ಆರಂಭದಲ್ಲಿ ಸುಲಭ. ಡಬ್ಬಿಯನ್ನು ನಿಗದಿತ ದಿನ ನಿಜವಾಗಿ ತೆರೆಯಬೇಕು. "ಆಮೇಲೆ" ಎಂದು ಹೇಳಿ ತೆರೆಯದೇ ಬಿಟ್ಟರೆ ಒಳಗಿನವರ ನಂಬಿಕೆ ಹೋಗುತ್ತದೆ, ಪೆಟ್ಟಿಗೆಯೂ ಕೆಲಸ ಮಾಡುವುದಿಲ್ಲ.

ಬೆದರಿಕೆ ದೇಹಕ್ಕೆ ಹಾನಿ ಮಾಡುವ ಮಾತಿಗೆ ತಿರುಗಿದರೆ ಡೈರಿಯಲ್ಲಿ ಚೌಕಾಸಿ ಮಾಡುತ್ತಾ ಕೂರಬಾರದು. ಅದಕ್ಕೆ ಬೇರೆ ಹಾಳೆ ಇರಬೇಕು: ಮುನ್ಸೂಚನೆ ಏನು, ಒಬ್ಬರೇ ಮಾಡಬಹುದಾದ ಮೂರು ಕೆಲಸ, ಕರೆ ಮಾಡಬೇಕಾದ ಇಬ್ಬರು, ಥೆರಪಿಸ್ಟ್ ನಂಬರು, ತುರ್ತು ಸೇವೆಯ ನಂಬರು, ಅಪಾಯದ ವಸ್ತುಗಳು ಯಾರ ವಶದಲ್ಲಿರಬೇಕು. ಶಾಂತವಾಗಿದ್ದಾಗ ಥೆರಪಿಸ್ಟ್ ಜೊತೆ ಕೂತು ಬರೆಯಿರಿ. "ಇನ್ನೆಂದೂ ಮಾಡಿಕೊಳ್ಳುವುದಿಲ್ಲ" ಎಂಬ ಮುಚ್ಚಳಿಕೆ ಬರೆಸಿಕೊಳ್ಳುವುದರಿಂದ ಏನೂ ಉಪಯೋಗವಿಲ್ಲ. ಸಹಿ ಹಾಕಿದ ಭಾಗ ಒಂದು, ಮಾಡಿಕೊಳ್ಳುವ ಭಾಗ ಇನ್ನೊಂದು.

---

ಅರ್ಧವಿರಾಮ ಬರೆದಿದ್ದು:

ಇಬ್ಬರಿಗೂ ಧನ್ಯವಾದ. ತಾರೀಕು ಹೋಲಿಸಿದೆ, ತಾಳೆಯಾಗುತ್ತಿದೆ. ಇನ್ನೊಂದು ಸಣ್ಣ ಪ್ರಶ್ನೆ: ಇದಕ್ಕೆ ಮಾತ್ರೆ ಇದೆಯೇ? ಈಗ ಖಿನ್ನತೆಗೆ ಒಂದು ಕೊಟ್ಟಿದ್ದಾರೆ, ಡಿಸೋಸಿಯೇಶನ್ ಮಾತ್ರ ಕಡಿಮೆಯಾಗಿಲ್ಲ.

---

ಮುಚ್ಚಳ ಬರೆದಿದ್ದು:

ಡಿಸೋಸಿಯೇಶನ್ ಅನ್ನೇ ಗುರಿಯಾಗಿಸಿದ, ಕೆಲಸ ಮಾಡುತ್ತದೆಂದು ಸಾಬೀತಾದ ಮಾತ್ರೆ ಇಲ್ಲ. ಕೊಡುವುದೆಲ್ಲ ಜೊತೆಗಿರುವ ತೊಂದರೆಗೆ: ಖಿನ್ನತೆ, ಆತಂಕ, ನಿದ್ರೆ. ಹಾಗಾಗಿ ನಿಮ್ಮ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ತೀರ್ಮಾನಿಸಬೇಡಿ. ಅದನ್ನು ಖಿನ್ನತೆಯ ಅಳತೆಯಲ್ಲಿ ನೋಡಬೇಕು.

ದುಃಸ್ವಪ್ನಕ್ಕೆ ಪ್ರಾಜೋಸಿನ್ ಕೊಡುವುದುಂಟು. ಮೊದಮೊದಲ ಅಧ್ಯಯನಗಳಲ್ಲಿ ಚೆನ್ನಾಗಿ ಕಂಡಿತ್ತು, 2018ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಔಷಧವಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕೆಲವರಿಗೆ ಹಿಡಿಸುತ್ತದೆ. ರಕ್ತದೊತ್ತಡ ಇಳಿಸುವ ಮಾತ್ರೆ ಅದು, ಮೊದಲ ಡೋಸ್ ಆದ ಮೇಲೆ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳಬಹುದು.

ಹುಷಾರಾಗಿರಬೇಕಾದ್ದು ಬೆಂಜೊಡಯಜೆಪೀನ್ ಗುಂಪಿನ ನಿದ್ರೆ, ಆತಂಕದ ಮಾತ್ರೆಗಳ ಬಗ್ಗೆ. ಚಟ ಹಿಡಿಯುತ್ತದೆ, ನೆನಪು ಮಸುಕು ಮಾಡುತ್ತದೆ, ಡಿಸೋಸಿಯೇಶನ್ ಇನ್ನಷ್ಟು ಹೆಚ್ಚಿಸಬಹುದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನೀವೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ಕೈಯಲ್ಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಗಾಂಜಾ ಸೇದಿದರೆ "ಎಲ್ಲಾ ಕನಸಿನ ಹಾಗೆ" ಅನ್ನಿಸುವುದು ಹೆಚ್ಚುತ್ತದೆ. ಒಳಗಿನ ದನಿಗಳಿಗೆ ಸ್ಕಿಜೋಫ್ರೇನಿಯಾ ಎಂದು ತಿಳಿದು ವರ್ಷಾನುಗಟ್ಟಲೆ ಮಾತ್ರೆ ಕೊಟ್ಟ ಪ್ರಸಂಗಗಳು ಬೇಕಾದಷ್ಟಿವೆ. ಭಾಗಗಳ ದನಿ ಆ ಮಾತ್ರೆಗೆ ಸಾಮಾನ್ಯವಾಗಿ ಹೋಗುವುದಿಲ್ಲ.

ಡೋಸ್ ತಪ್ಪುವುದು ಈ ತೊಂದರೆಯಲ್ಲಿ ದೊಡ್ಡ ಸಮಸ್ಯೆ. ಒಬ್ಬರು ನುಂಗಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಎರಡು ಸಲ ನುಂಗುವುದೂ ಆಗುತ್ತದೆ. ವಾರದ ಏಳು ಖಾನೆಯ ಡಬ್ಬಿ ಇಡಿ. ಖಾನೆ ಖಾಲಿ ಅಂದರೆ ನುಂಗಿ ಆಗಿದೆ, ಮುಂದೆ ಯೋಚನೆಯೇ ಬೇಡ. ಮನೆಯಲ್ಲಿ ಒಂದು ವಾರಕ್ಕಿಂತ ಹೆಚ್ಚಿನ ಮಾತ್ರೆ ಇರಬಾರದು.

ಕೈಕಾಲು ಸೆಳೆತ, ಥಟ್ಟನೆ ಪ್ರಜ್ಞೆ ತಪ್ಪುವುದು ಇದ್ದರೆ ನರವೈದ್ಯರ ಹತ್ತಿರ ಒಮ್ಮೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಾಡಿಸಿ. ಮೂರ್ಛೆರೋಗ ಮತ್ತು ಡಿಸೋಸಿಯೇಶನ್ ಒಂದನ್ನೊಂದು ಹೋಲುತ್ತವೆ, ಒಬ್ಬರಲ್ಲೇ ಎರಡೂ ಇರಬಹುದು.

---

ಹಳೇ_ಗಡಿಯಾರ ಬರೆದಿದ್ದು:

ನಾಲ್ಕನೇ ಪ್ರಶ್ನೆ ಎಲ್ಲರೂ ಬಿಟ್ಟರು. "ಹೇಗನ್ನಿಸುತ್ತಿದೆ" ಅಂತ ಅಳೆದರೆ ಸುಧಾರಣೆ ಕಾಣುವುದೇ ಇಲ್ಲ. ಮರಗಟ್ಟಿದ್ದು ಬಿಡುತ್ತಾ ಬಂದ ಹಾಗೆ ನೋವು ಮೊದಲಿಗಿಂತ ಹೆಚ್ಚೇ ತಿಳಿಯುತ್ತದೆ. ಒಳಗಿನ ಗೋಡೆಗಳು ತೆಳುವಾದಾಗ ದನಿಗಳೂ ಜೋರಾಗಿ ಕೇಳಿಸುತ್ತವೆ. ಜನ ಇದನ್ನೇ ಹಿನ್ನಡೆ ಎಂದುಕೊಂಡು ಥೆರಪಿ ಬಿಡುತ್ತಾರೆ.

ಅಳೆಯಬೇಕಾದ್ದು ಅಂಕಿಯಲ್ಲಿ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು, ನಾಲ್ಕೇ ಕಾಲಂ:

— ಲೆಕ್ಕಕ್ಕೆ ಸಿಗದ ಸಮಯ ಎಷ್ಟು (ಅಂದಾಜು ನಿಮಿಷ)
— ಟ್ರಿಗರ್ ಆದಾಗ (ಊರುಗೋಲು ಹೇಳಿದ 0ಯಿಂದ 10ರ ಅಳತೆಯಲ್ಲಿ) ಮತ್ತೆ 3ಕ್ಕಿಂತ ಕೆಳಗೆ ಬರಲು ಎಷ್ಟು ನಿಮಿಷ
— ನಿದ್ರೆ ಎಷ್ಟು ಗಂಟೆ
— ಮಾಡಲೇಬೇಕಾದ ಕೆಲಸ (ಸ್ನಾನ, ಊಟ, ಕೆಲಸಕ್ಕೆ ಹೋಗುವುದು) ಎಷ್ಟು ಆಯಿತು

ದಿನದಿಂದ ದಿನಕ್ಕೆ ಹೋಲಿಸಬೇಡಿ. ನಾಲ್ಕು ವಾರದ ಸರಾಸರಿಯನ್ನು ಹಿಂದಿನ ನಾಲ್ಕು ವಾರದ ಜೊತೆ ಇಟ್ಟು ನೋಡಿ. ಎಲ್ಲಕ್ಕಿಂತ ಮೊದಲು ಬದಲಾಗುವುದು ಎರಡನೇ ಕಾಲಂ. ಟ್ರಿಗರ್‌ಗಳ ಸಂಖ್ಯೆ ಅಷ್ಟೇ ಇರುತ್ತದೆ, ವಾಪಸ್ ಬರುವ ಹೊತ್ತು ಮಾತ್ರ ಗಂಟೆಗಳಿಂದ ನಿಮಿಷಗಳಿಗೆ ಇಳಿಯುತ್ತದೆ.

ಡಿಸೋಸಿಯೇಶನ್ ಎಷ್ಟಿದೆ ಎಂದು ಅಳೆಯುವ ಡಿಇಎಸ್ ಅನ್ನುವ ಪ್ರಶ್ನಾವಳಿ ನಿಮಗೆ ಕೊಟ್ಟಿರಬಹುದು. 1986ರಲ್ಲಿ ಬರ್ನ್‌ಸ್ಟೀನ್ ಮತ್ತು ಪಟ್ನಮ್ ರೂಪಿಸಿದ್ದು, 28 ಪ್ರಶ್ನೆ, ಸರಾಸರಿ 0ಯಿಂದ 100. 30 ದಾಟಿದರೆ ವಿವರವಾದ ಪರೀಕ್ಷೆ ಬೇಕು ಎನ್ನುವುದು ರೂಢಿ, ಅಂಕಿಯೊಂದರಿಂದಲೇ ರೋಗ ತೀರ್ಮಾನ ಮಾಡುವಂತಿಲ್ಲ. ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಮೊದಲ ವರ್ಷ ಅಂಕ ಏರಿದರೆ ಗಾಬರಿ ಬೇಡ, ಮೊದಲು ಗೊತ್ತೇ ಆಗದಿದ್ದದ್ದು ಈಗ ಗಮನಕ್ಕೆ ಬರುತ್ತಿರಬಹುದು.

ಒಳ್ಳೆಯ ವಾರದ ಬೆನ್ನಿಗೇ ಕೆಟ್ಟ ವಾರ ಬರುವುದಕ್ಕೆ ಸಾಮಾನ್ಯ ಕಾರಣಗಳು ಹೀಗೆ. ಚೆನ್ನಾಗಿದ್ದೇವೆ ಅನ್ನುವ ಹುರುಪಿಗೆ ಬಾಕಿ ಕೆಲಸವೆಲ್ಲ ಒಂದೇ ವಾರಕ್ಕೆ ಹೇರಿಕೊಳ್ಳುವುದು. "ಮೈಮರೆತರೆ ಪೆಟ್ಟು" ಎಂದು ಕಲಿತಿರುವ ಭಾಗಗಳು ನೆಮ್ಮದಿಗೇ ಹೆದರಿ ಎಳೆದಾಡುವುದು. ಥೆರಪಿಸ್ಟ್ ರಜೆ. ವಾರ್ಷಿಕ ತಾರೀಕುಗಳು, ನಿಮಗೆ ನೆನಪಿಲ್ಲದಿದ್ದರೂ ದೇಹಕ್ಕೆ ಇರುತ್ತದೆ. ಹಾಳೆಯನ್ನು ಒಂದು ವರ್ಷ ಬರೆದರೆ ಯಾವ ತಿಂಗಳು ಜಾರುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಮರುವರ್ಷ ಆ ತಿಂಗಳಿಗೆ ಕೆಲಸ ಮೊದಲೇ ಹಗುರ ಮಾಡಿಕೊಳ್ಳಬಹುದು. ಚೆನ್ನಾಗಿರುವ ವಾರದಲ್ಲಿ ಶಕ್ತಿಯ ಮುಕ್ಕಾಲು ಪಾಲಷ್ಟೇ ಖರ್ಚು ಮಾಡಿ.

ಊರುಗೋಲು ಅವರ ಒಂದು ಮಾತಿಗೆ ಸಣ್ಣ ತಕರಾರು. ಮೂರನೇ ಹಂತ ಅಂದರೆ "ಎಲ್ಲವನ್ನೂ ಕೂಡಿಸಿಕೊಳ್ಳುವುದು" ಅಂದಿರಿ. ಭಾಗಗಳೆಲ್ಲ ಸೇರಿ ಒಂದೇ ಆಗಬೇಕು ಅನ್ನುವ ಅರ್ಥ ಬಂದರೆ ಒಳಗಿನವರು ಅದನ್ನು ಸಾವು ಎಂದು ಕೇಳಿಸಿಕೊಳ್ಳುತ್ತಾರೆ, ಸಹಕಾರ ಅಲ್ಲಿಗೇ ನಿಲ್ಲುತ್ತದೆ. ಕೆಲವರು ಪೂರ್ತಿ ಒಂದಾಗುತ್ತಾರೆ. ಅನೇಕರು ಹಾಗಾಗದೆ, ಭಾಗಗಳ ನಡುವೆ ಮಾತು ಒಪ್ಪಂದ ಇಟ್ಟುಕೊಂಡು, ಸಮಯ ಕಳೆದುಕೊಳ್ಳದೆ ಚೆನ್ನಾಗಿ ಬಾಳುತ್ತಾರೆ. ಅದನ್ನು ಈಗಲೇ ತೀರ್ಮಾನಿಸುವ ಅಗತ್ಯವಿಲ್ಲ.

---

ಊರುಗೋಲು ಬರೆದಿದ್ದು:

ತಕರಾರು ಒಪ್ಪಿದೆ. ಕೂಡಿಸಿಕೊಳ್ಳುವುದು ಅಂದದ್ದು ನೆನಪು, ಭಾವ, ದೇಹದ ಅರಿವು ಒಂದರಿಂದೊಂದು ಬೇರೆಯಾಗಿ ಇರದಂತೆ ಆಗುವುದಕ್ಕೆ. ಪದ ಇನ್ನೂ ಬಿಡಿಸಿ ಹೇಳಬೇಕಿತ್ತು.

---

ಬಾಗಿಲ_ಬಳಿ ಬರೆದಿದ್ದು:

ಅರ್ಧವಿರಾಮ ಅವರೇ, ಮನೆಯವರಿಗೆ ಓದಿಸಲು ಇಷ್ಟು ಸೇರಿಸುತ್ತೇನೆ, ಬೇಕಾದರೆ ಪ್ರಿಂಟ್ ತೆಗೆದುಕೊಡಿ.

ದೃಷ್ಟಿ ನೆಟ್ಟು ಕೂತಿದ್ದರೆ ಹಿಂದಿನಿಂದ ಹೋಗಿ ಮುಟ್ಟಬೇಡಿ, ಭುಜ ಹಿಡಿದು ಅಲುಗಿಸಬೇಡಿ. ಕಣ್ಣಿಗೆ ಕಾಣುವ ಕಡೆ, ಒಂದೆರಡು ಮೀಟರ್ ದೂರದಲ್ಲಿ, ಬಾಗಿಲಿಗೆ ಅಡ್ಡ ಬರದ ಹಾಗೆ ಕುಳಿತು ಮಾತಾಡಿ. ನೀವು ಯಾರು, ಇದು ಯಾವ ಜಾಗ, ಯಾವ ಇಸವಿ, ಎಷ್ಟು ಹೊತ್ತು. ಚಿಕ್ಕ ವಾಕ್ಯ, ಸಾಮಾನ್ಯ ದನಿ. ಪ್ರಶ್ನೆಗಳ ಸುರಿಮಳೆ ಬೇಡ. "ಈಗ ಯಾರು ಮಾತಾಡುತ್ತಿರುವುದು?" ಎಂದು ಪದೇ ಪದೇ ಕೇಳುವುದು, ಇಂಥವರನ್ನು ಕರೆ ಎಂದು ಹಟ ಹಿಡಿಯುವುದು, ಮಗುವಿನಂತಿರುವ ಭಾಗದ ಜೊತೆ ಗಂಟೆಗಟ್ಟಲೆ ಆಟಕ್ಕೆ ಕೂರುವುದು ಮೂರೂ ಬೇಡ. ಯಾರೇ ಮುಂದೆ ಬಂದಿದ್ದರೂ ಒಂದೇ ರೀತಿ ಮರ್ಯಾದೆಯಿಂದ ನಡೆದುಕೊಳ್ಳಿ. ಆಡಿದ ಮಾತಿಗೆ, ಮಾಡಿದ ಕೆಲಸಕ್ಕೆ ಹೊಣೆ ಮಾತ್ರ ಇಡೀ ವ್ಯಕ್ತಿಯದು. ಅದನ್ನು ಸಿಟ್ಟಿಲ್ಲದೆ ಹೇಳಬಹುದು.

"ಆಗ ಏನಾಯಿತು ಹೇಳು" ಎಂದು ಮನೆಯವರು ಎಂದಿಗೂ ಕೆದಕಬಾರದು. ನೆನಪು ರೆಕಾರ್ಡಿಂಗ್ ಅಲ್ಲ. ಒತ್ತಾಯದಲ್ಲಿ, ಸೂಚನೆ ಕೊಟ್ಟು ಕೇಳಿದಾಗ ನಡೆಯದ್ದೂ ಸೇರಿಕೊಳ್ಳಬಹುದು. ಸಮ್ಮೋಹನ ಮಾಡಿ ಮರೆತದ್ದನ್ನೆಲ್ಲ ಹೊರತೆಗೆಯುತ್ತೇವೆ ಎನ್ನುವವರಿಂದ ದೂರ ಇರಿ, ಅದೇ ಕಾರಣಕ್ಕೆ.

ಸಮಯ ಕಳೆದುಹೋಗುವುದು ಇನ್ನೂ ನಡೆಯುತ್ತಿದ್ದರೆ ಗಾಡಿ ಓಡಿಸುವ ವಿಷಯ ವೈದ್ಯರ ಜೊತೆ ಮಾತಾಡಲೇಬೇಕು. ಅಲ್ಲಿಯವರೆಗೆ ಬೇರೆಯವರು ಓಡಿಸಲಿ. ಒಲೆಗೆ ತಾನಾಗಿ ಆರುವ ಟೈಮರ್ ಇರಲಿ.

---

ಅರ್ಧವಿರಾಮ ಬರೆದಿದ್ದು:

ಪ್ರಿಂಟ್ ತೆಗೆದೆ. ಕೊನೆಯದಾಗಿ, ನೆನಪಿನ ಕೆಲಸ ಶುರುವಾದ ಮೇಲೆ ಸೆಷನ್ ಹೇಗಿರಬೇಕು? ಮೊದಲೇ ತಿಳಿದಿದ್ದರೆ ಒಳಗೆ ಭಯ ಕಡಿಮೆಯಾಗಬಹುದು.

---

ಊರುಗೋಲು ಬರೆದಿದ್ದು:

ಅಮೆರಿಕದ ಮನೋವೈದ್ಯ ರಿಚರ್ಡ್ ಕ್ಲಫ್ಟ್ ಹೇಳಿದ ಮೂರರಲ್ಲೊಂದರ ಲೆಕ್ಕ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸೆಷನ್ನಿನ ಮೊದಲ ಮೂರನೇ ಒಂದು ಭಾಗದಲ್ಲಿ ವಿಷಯಕ್ಕೆ ಇಳಿಯಬೇಕು, ನಡುವಿನ ಭಾಗದಲ್ಲಿ ಕೆಲಸ, ಕೊನೆಯ ಭಾಗ ಪೂರ್ತಿ ವಾಪಸ್ ಬರಲು. 50 ನಿಮಿಷದಲ್ಲಿ ಅದು ಹೆಚ್ಚುಕಡಿಮೆ 16, 17, 17. ಮೊದಲ 16 ನಿಮಿಷದಲ್ಲಿ ಇಳಿಯಲು ಆಗದಿದ್ದರೆ ಆ ದಿನ ಆ ನೆನಪು ಬೇಡ, ಬೇರೆ ಕೆಲಸ ಮಾಡುವುದು. 40ನೇ ನಿಮಿಷಕ್ಕೆ ಹೊಸ ನೆನಪು ಬಾಗಿಲು ತಟ್ಟಿದರೆ ತಲೆಬರಹ ಬರೆದು ಡಬ್ಬಿಗೆ. ಕೆಲವರು ಈ ಹಂತಕ್ಕೆ 75ರಿಂದ 90 ನಿಮಿಷದ ಸೆಷನ್ ಇಡುತ್ತಾರೆ, ಕೇಳಿ ನೋಡಿ.

ಇಡೀ ಘಟನೆಯನ್ನು ಒಟ್ಟಿಗೆ ತೆಗೆಯುವುದಿಲ್ಲ. ಮೊದಲು ಅದರ ಕೊನೆ, ಅಂದರೆ "ಅದು ಮುಗಿಯಿತು, ಬದುಕಿ ಉಳಿದೆ" ಎನ್ನುವ ಬಿಂದು ಗಟ್ಟಿ ಮಾಡಿಕೊಂಡು, ಆಮೇಲೆ ಒಂದು ಚೂರು. ಆ ಚೂರಿನಲ್ಲೂ ಒಂದೇ ಎಳೆ: ಬರೀ ಶಬ್ದ, ಅಥವಾ ಬರೀ ಕೈಯ ನಡುಕ. ತೀವ್ರತೆ 10ರಲ್ಲಿ 4ರ ಮೇಲೆ ಹೋಗದ ಹಾಗೆ ನೋಡಿಕೊಂಡು, ಏರಿದರೆ ನಿಲ್ಲಿಸಿ ಗ್ರೌಂಡಿಂಗ್, ಇಳಿದರೆ ಮತ್ತೆ. ಯಾವ ಭಾಗಗಳು ಇದನ್ನು ನೋಡಬೇಕು, ಯಾವ ಭಾಗಗಳು (ಚಿಕ್ಕವು ಮುಖ್ಯವಾಗಿ) ಆ ಹೊತ್ತು ಬೇರೆ ಸುರಕ್ಷಿತ ಜಾಗದಲ್ಲಿ ಇರಬೇಕು ಎಂದು ಮೊದಲೇ ಒಪ್ಪಂದ ಆಗಿರಬೇಕು. "ನಿಲ್ಲಿಸಿ" ಅನ್ನಲು ಕೈಸನ್ನೆಯೊಂದನ್ನು ಗೊತ್ತು ಮಾಡಿಕೊಳ್ಳಿ, ಆಗ ಮಾತು ಬರುವುದಿಲ್ಲ.

ಅಂಥ ಸೆಷನ್ ವಾರ ಬಿಟ್ಟು ವಾರ ಇದ್ದರೆ ಸಾಕು, ನಡುವಿನ ವಾರ ಸುಧಾರಿಸಿಕೊಳ್ಳಲು. ಆ ದಿನ ಮತ್ತು ಮರುದಿನ ದೊಡ್ಡ ತೀರ್ಮಾನ, ಜಗಳದ ಫೋನ್ ಕರೆ, ರಾತ್ರಿ ಪಾಳಿ ಏನೂ ಇಟ್ಟುಕೊಳ್ಳಬೇಡಿ. ಹಳೇ_ಗಡಿಯಾರ ಅವರ ಹಾಳೆಯಲ್ಲಿ ನಿದ್ರೆಯ ಕಾಲಂ ಮೂರು ದಿನ ಸತತ ಕುಸಿದರೆ ಮುಂದಿನ ಸೆಷನ್ ನೆನಪಿನ ಕೆಲಸಕ್ಕೆ ಅಲ್ಲ ಎಂದು ಆಗಲೇ ಥೆರಪಿಸ್ಟ್‌ಗೆ ಮೆಸೇಜ್ ಹಾಕಿಬಿಡಿ.